ಎಡೆಗೆ ಸುಟ್ಟ ಬ್ರೆಡ್ಡು

“ಈಗ ಎಂತ ಹಾಕಿದೆ ಅದಕ್ಕೆ?” ಶಶಿಕಿರಣ್‌ನ ತಾಯಿ ನೀಲಾಂಬಿಕೆ ಕೇಳಿದರು.

“ಬೆಳ್ಳುಳ್ಳಿ.”

“ಹಾಕಿದ್ದು ಕಾಣಲೇ ಇಲ್ಲ.”

“ಹಾಕೋದಲ್ಲಮ್ಮ, ಉಜ್ಜೋದು.” ಶ್ವೇತ ಬೆಳ್ಳುಳ್ಳಿಯ ಹಸಿ ಎಸಳನ್ನು ಬಿಸಿ ಬ್ರೆಡ್ಡಿನ ಮೇಲೆ ಇನ್ನೊಮ್ಮೆ ಉಜ್ಜಿ ತೋರಿಸಿದಳು.

ನೀಲಾಂಬಿಕೆ ಸ್ಟೂಲನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡರು. ಬೆಳಗ್ಗೆಯಿಂದ ಅವರ ಕಣ್ಣು ಶ್ವೇತಳ ಕೈ ಬಿಟ್ಟು ಕದಲಿರಲಿಲ್ಲ.

ಶಶಿಕಿರಣ್ ತೀರಿಕೊಂಡು ಇಂದಿಗೆ ಒಂದು ವರ್ಷ. ನರಸಿಂಹರಾಜಪುರದ ಈ ಮನೆಯಲ್ಲಿ ವರ್ಷದ ಎಡೆಗೆ ಹೋದವರ ಇಷ್ಟದ ತಿಂಡಿ ಇಡಲೇಬೇಕು. ಹೋಳಿಗೆ, ಕಡುಬು ಆಗಿತ್ತು. ಉಳಿದದ್ದು ಇದೊಂದೇ: ಸುಟ್ಟ ಬ್ರೆಡ್ಡಿನ ಮೇಲೆ ಹಸಿ ಟೊಮೆಟೊ. ಶ್ವೇತಳ ಕೈಯಿಂದ ಅವನು ನಾಲ್ಕು ವರ್ಷ ತಿಂದ ತಿಂಡಿ. ಅದನ್ನು ಅವನ ಫೋಟೋದ ಮುಂದೆ ತಾನೇ ಇಡಬೇಕು. ಅವಳಿಗೆ ಇವತ್ತು ಬೇಕಿದ್ದದ್ದು ಅಷ್ಟೇ.

ಉಪ್ಪಿಗೆಂದು ಎರಡು ತಪ್ಪು ಡಬ್ಬಿ ತೆರೆದಳು. ನೀಲಾಂಬಿಕೆ ಮೂರನೆಯದನ್ನು ಮುಂದಕ್ಕೆ ತಳ್ಳಿದರು.

“ತುಳಸಿನ ಬೆಳ್ಳುಳ್ಳಿ ಜೊತೆಗೆ ಸೇರಿಸ್ತೀಯ?”

“ತುಳಸಿ ಅಲ್ಲ, ಕಾಮಕಸ್ತೂರಿ.”

“ಎಷ್ಟು ಎಲೆ?”

“ಆರೇಳು. ಕೈಯಲ್ಲೇ ಹರಿದು ಹಾಕಬೇಕು.”

“ಹೆಸರೆಂತ ಇದರದ್ದು?”

“ಬ್ರುಸ್ಕೆಟ್ಟಾ. ಇಟಲಿಯವರದು.”

“ಹೌದು, ಅದೇ ಅಂದಿದ್ದ ಆಸ್ಪತ್ರೆಲಿ. ಜ್ವರದಲ್ಲಿ ಬಡಬಡಿಸ್ತಾನೆ ಅಂದ್ಕೊಂಡೆ. ಆಮೇಲೆ ಟೊಮೆಟೊ, ಬ್ರೆಡ್ಡು ಅಂದ. ಬೇಕರಿಯಿಂದ ತರಿಸಿಕೊಟ್ಟೆ. ಇದಲ್ಲ ಅಂತ ಗೋಡೆ ಕಡೆ ತಿರುಗಿದ. ಮಾರನೇ ದಿನ ಹೋದ.”

ಟೊಮೆಟೊ ಹೆಚ್ಚುತ್ತಿದ್ದ ಶ್ವೇತಳ ಚಾಕು ನಿಂತಿತು. ಅವನು ಆಸ್ಪತ್ರೆಯಲ್ಲಿದ್ದ ಆರು ದಿನವೂ ಅವಳು ಗೇಟಿನ ಎದುರು, ಬಸ್ ಸ್ಟಾಪಿನಲ್ಲಿ ಕೂತಿದ್ದಳು.

“ಒಳಗೆ ಒಬ್ಬರನ್ನೇ ಬಿಡ್ತಿದ್ರು,” ಎಂದಳು.

“ಹೌದು. ಒಬ್ಬರನ್ನೇ.”

ಮುಚ್ಚಿದ ಬಾಗಿಲಿನಾಚೆ, ಹಜಾರದಿಂದ ನೀಲಾಂಬಿಕೆಯ ಗಂಡ ಶಿವಶಂಕರಪ್ಪನವರ ದನಿ ಬಂತು. “ಎಂತ ವಾಸನೆ ಮಾರಾಯ್ತಿ ಅದು? ನನ್ನ ಎಡೆಗೆ ಹೋಳಿಗೆ ಒಂದಿಟ್ರೆ ಸಾಕು. ಈ ಬ್ರೆಡ್ಡು ಗಿಡ್ಡು ಬೇಡ.”

“ಮೊದಲು ಹೋಗಿ ನೋಡಿ. ಇಡೋದು ಆಮೇಲೆ ನೋಡೋಣ.”

ಶ್ವೇತಳಿಗೆ ನಗು ಬಂತು. ನೀಲಾಂಬಿಕೆ ನಗಲಿಲ್ಲ.

“ಇದು ತಿಂದ ದಿನ ಅವನು ರಾತ್ರಿ ಊಟಕ್ಕೇ ಕೂರ್ತಿರಲಿಲ್ಲ,” ಎಂದರು. “ನಾನು ಮಾಡಿದ್ದೆಲ್ಲ ಹಾಗೇ ಉಳೀತಿತ್ತು.”

“ಬೇಡ ಅಂದ್ರೂ ಇನ್ನೆರಡು ಕೇಳ್ತಿದ್ರಮ್ಮ.”

“ಕೇಳ್ತಿದ್ದ. ನಿನ್ನ ಹತ್ರ ಕೇಳ್ತಿದ್ದ.”

ಶ್ವೇತ ಟೊಮೆಟೊಗೆ ಎಣ್ಣೆ ಬಿಟ್ಟು ಕಲೆಸಿದಳು. ಬ್ರೆಡ್ಡು ಮೆತ್ತಗಾಗುವ ಮೊದಲೇ ಇಡಬೇಕು ಎಂದಳು. ಎಷ್ಟು ಹೊತ್ತು ತಡೆಯುತ್ತೆ ಎಂದು ನೀಲಾಂಬಿಕೆ ಕೇಳಿದರು. ಐದು ನಿಮಿಷ ಎಂದಳು. ಕಾವಲಿ ಎಷ್ಟು ಕಾಯಬೇಕು ಎಂದರು. ಅದನ್ನೂ ಹೇಳಿದಳು. ಮೂರು ತುಂಡನ್ನು ಸ್ಟೀಲ್ ತಟ್ಟೆಯಲ್ಲಿ ಜೋಡಿಸಿದಳು.

“ಅಮ್ಮ, ನಾನೇ ಇಡಲಾ?”

ಒಂದು ಚೂರು ಟೊಮೆಟೊ ತಟ್ಟೆಗೆ ಬಿದ್ದಿತ್ತು. ನೀಲಾಂಬಿಕೆ ಅದನ್ನು ಎತ್ತಿ ತುಂಡಿನ ಮೇಲೆ ಸರಿಯಾಗಿ ಕೂರಿಸಿದರು.

ಶ್ವೇತ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ತಟ್ಟೆಗೆ ಕೈ ಚಾಚಿದಳು. ನೀಲಾಂಬಿಕೆಯ ಕೈ ಮೊದಲೇ ಅಲ್ಲಿತ್ತು.

“ಎಲ್ಲ ನೋಡ್ಕೊಂಡೆ,” ಎಂದರು. “ಮುಂದಿನ ವರ್ಷಕ್ಕೆ ನಾವೇ ಮಾಡ್ತೀವಿ. ಹನ್ನೊಂದಕ್ಕೆ ಕೊಪ್ಪದ ಬಸ್ಸಿದೆ. ನೆಂಟರು ಬರೋದರೊಳಗೆ ಹೊರಡು, ಹಿತ್ತಲ ಕಡೆಯಿಂದಾನೇ.”

ತಟ್ಟೆ ಎತ್ತಿಕೊಂಡು, ಹಜಾರದ ಬಾಗಿಲು ತೆರೆದು ಕರೆದರು: “ಮೇಘನಾ, ಬಾರಮ್ಮ. ನಿನ್ನ ಗಂಡನಿಗೆ ಎಡೆ ಇಡು.”