ಎರಡನೇ ಪುಟದ ಕಣ್ಣೀರು

"ಇದು ಡುಪ್ಲಿಕೇಟ್ ಮಾಲು," ಎಂದು ರಾಣೆಬೆನ್ನೂರಿನ ಪುಸ್ತಕದಂಗಡಿಯ ಪುಷ್ಪಾವತಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. "ಕಾಲೇಜ್ ಹುಡುಗೇರು ವಾಪಸ್ ತಂದು ಕೊಡಾಕತ್ತಾರ. ಒಂದು ಹನಿ ಕಣ್ಣೀರ ಬರಲಿಲ್ಲಂತ."

ಶಾಹೀನ್ ಪುಸ್ತಕವನ್ನು ತಿರುಗಿಸಿ ನೋಡಿದಳು. ಮುಖಪುಟದಲ್ಲಿ ಅವಳದೇ ಹೆಸರು, ಹಿಂಬದಿಯಲ್ಲಿ ಅವಳದೇ ಫೋಟೊ. ಒಳಗಿನ ಒಂದೊಂದು ಅಕ್ಷರವೂ ಅವಳು ಬರೆದದ್ದೇ.

"ಅಸಲಿ ಐತ್ರಿ ಅಕ್ಕಾರ."

"ಅಸಲಿ ಆಗಿದ್ರ ಅಳು ಯಾಕ ಬರವಲ್ದು? ಪುಸ್ತಕದ ಗಂಟೆಲ್ಲಾ ವಾಪಸ್ ಒಯ್ಯಿ. ಅಳೂವಂಗ ಮಾಡಿ ತಂದ್ರ ಮಾರ್ತೇನಿ."

ಶಾಹೀನ್‌ಳ ಹೆಸರು ನಡೆಯುತ್ತಿದ್ದುದೇ ಕಣ್ಣೀರಿನ ಮೇಲೆ. ಹರೆಯದವರ ಪ್ರೇಮಕಥೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹಾವೇರಿಯಿಂದ ರಾಣೆಬೆನ್ನೂರಿನ ತನಕ ಹುಡುಗಿಯರು ಕರವಸ್ತ್ರ ಹಿಡಿದುಕೊಂಡು ಓದುತ್ತಿದ್ದುದು ಇವಳ ಕಾದಂಬರಿಗಳನ್ನು ಮಾತ್ರ. ಹುಡುಗರೂ ಅಳುತ್ತಿದ್ದರು, ಕೇಳಿದರೆ ನೆಗಡಿ ಎನ್ನುತ್ತಿದ್ದರು. ನಾಯಕ ಸಾಯುವ ಕೊನೆಯ ಪುಟದವರೆಗೆ ಯಾರೂ ಕಾಯುತ್ತಿರಲಿಲ್ಲ. ಎರಡನೇ ಪುಟದಲ್ಲಿ ಅವನು ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳುವಾಗಲೇ ಮೂಗು ಒರೆಸಿಕೊಳ್ಳುವುದು ಶುರು. ಒಮ್ಮೆ ಬೇಸತ್ತು, ಮದುವೆಯಲ್ಲಿ ಮುಗಿಯುವ ತಮಾಷೆಯ ಕಥೆ ಬರೆದಳು. ಅದಕ್ಕೂ ಅತ್ತರು. ಧಾರವಾಡದ ವಿಮರ್ಶಕರೊಬ್ಬರು 'ಅಕ್ಷರಗಳಲ್ಲಿ ಬೆರೆತಿರುವ ಅಗೋಚರ ವೇದನೆ' ಎಂದು ಬರೆದು ಕೈತೊಳೆದುಕೊಂಡರು.

ಅಳದೆ ಉಳಿದ ಊರು ಒಂದೇ, ಅವಳ ಸ್ವಂತ ಊರು ಬ್ಯಾಡಗಿ. ಅಲ್ಲಿಯವರು ಓದಿ, ಮಡಚಿಟ್ಟು, ಊಟಕ್ಕೆ ಏಳುತ್ತಿದ್ದರು. ಅವಳ ಅಪ್ಪ ಫಕ್ಕೀರಸಾಬರಂತೂ ಕಲ್ಲು. ಮೆಣಸಿನಕಾಯಿ ದಲಾಲಿಯಲ್ಲೇ ಕೂದಲು ಬೆಳ್ಳಗಾದ ಮನುಷ್ಯ. ಹೆಂಡತಿ ತೀರಿಕೊಂಡಾಗಲೂ ಅವರ ಕಣ್ಣು ಒದ್ದೆಯಾದದ್ದನ್ನು ಯಾರೂ ಕಂಡಿರಲಿಲ್ಲ. ಮಗಳ ಪುಸ್ತಕಗಳನ್ನು ಮೊದಲಿಂದ ಕೊನೆಯವರೆಗೆ ಓದುತ್ತಿದ್ದರು, ಆದರೆ ಚಲೋ ಐತಿ ಎಂದು ಒಮ್ಮೆಯೂ ಅಂದವರಲ್ಲ. ಅದು ಶಾಹೀನ್‌ಗೆ ನೋವಿನ ಸಂಗತಿ.

ಪೇಟೆಯವರಿಗೆ ಅವರ ಮೇಲೆ ಬೇರೆಯೇ ದೂರು. ಬ್ಯಾಡಗಿಯ ದಲಾಲಿ ಆಗಾಗ ಗುಂಟೂರಿನ ಖಾರದ ಮೆಣಸಿನಕಾಯಿ ತರಿಸುತ್ತಾನೆ, ಅದೂ ಮಾರಲಿಕ್ಕಲ್ಲ ಎಂದು ಗೇಲಿ ಮಾಡುತ್ತಿದ್ದರು. ವಯಸ್ಸಾದ ನಾಲಿಗೆಗೆ ಖಾರ ಬೇಕಾಗುತ್ತದೆ ಎಂದು ಫಕ್ಕೀರಸಾಬರು ಸಮಜಾಯಿಷಿ ಕೊಡುತ್ತಿದ್ದರು.

"ಜನಾ ಅಳೋತನಕ ಬರಿ, ಬೇಟಿ," ಎಂದು ಮೊದಲ ಪುಸ್ತಕ ಬಂದಾಗಲೇ ಕರಾರು ಹಾಕಿದ್ದರು. "ಅಳೋದು ನಿಂತ ದಿನ ಬಂದು ಅಂಗಡಿ ಗಾದಿ ಮ್ಯಾಲ ಕುಂದ್ರು."

ಆ ದಿನ ಬಂದುಬಿಟ್ಟಿತ್ತು. ಬಾಡಿಗೆಯ ಟಂಟಂ ಆಟೊದಲ್ಲಿ ಗಂಟುಗಳ ಜೊತೆ ಕೂತು ಬ್ಯಾಡಗಿಗೆ ಮರಳುವಾಗ ಶಾಹೀನ್ ಪುಸ್ತಕ ಬಿಚ್ಚಿ ತಪ್ಪು ಹುಡುಕಿದಳು. ಸಪ್ಪೆ ಎನಿಸಿದ ಪುಟ ಒಂದೇ. ನಾಯಕಿಯ ಅಪ್ಪನ ಮೆಣಸಿನಕಾಯಿ ಕಣದಲ್ಲೇ ಮಳೆಗೆ ತೊಯ್ದು, ಪೇಟೆಯಲ್ಲಿ ಯಾರೂ ಅದಕ್ಕೆ ಕೈ ಹಾಕುವುದಿಲ್ಲ. ಪ್ರೇಮಕ್ಕೂ ಅದಕ್ಕೂ ಸಂಬಂಧವಿಲ್ಲ, ಪುಟ ಸಾಲದೆಂದು ತುರುಕಿದ್ದು. ಆದರೆ ಒಂದು ಪುಟದಿಂದ ಊರಿಗೆ ಊರೇ ಅಳು ನಿಲ್ಲಿಸೀತೇ? ಬರೆಯದೆ ಬದುಕುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ಅಬ್ಬಾ, ಜನಾ ಅಳವಲ್ರು. ನಾಳೆಯಿಂದ ಅಂಗಡಿಗೆ ಬರ್ತೇನಿ," ಎಂದಳು ಮನೆ ಮುಟ್ಟಿದವಳೇ.

ಕರಾರು ಗೆದ್ದ ಖುಷಿ ಫಕ್ಕೀರಸಾಬರ ಮುಖದಲ್ಲಿರಲಿಲ್ಲ. ಗಂಟುಗಳ ಕಡೆ ನೋಡಿದರು. "ಇವು ನಮ್ಮ ಗೋದಾಮಿಗೆ ಯಾಕ ಬರಲಿಲ್ಲ?"

"ಸುಗ್ಗಿ ಅಲ್ಲೇನ್ರಿ. ಗೋದಾಮಿನ್ಯಾಗ ಕಾಲಿಡಾಕ ಜಾಗಾ ಇರಲಿಲ್ಲ. ಪ್ರೆಸ್ಸಿನಿಂದ ಸೀದಾ ರಾಣೆಬೆನ್ನೂರಿಗೆ ಕಳಸಿದ್ನಿ."

ಹೇಳುತ್ತಿದ್ದಂತೆಯೇ ಅವಳಿಗೆ ಹೊಳೆಯಿತು. ಹಿಂದಿನ ಪುಸ್ತಕಗಳೆಲ್ಲ ಮಾರಾಟಕ್ಕೆ ಹೋಗುವ ಮುಂಚೆ ಗೋದಾಮಿನಲ್ಲಿ ಮೆಣಸಿನಕಾಯಿ ಚೀಲಗಳ ಮಗ್ಗುಲಿಗೆ ಬಿದ್ದಿರುತ್ತಿದ್ದವು. ಬ್ಯಾಡಗಿಯವರಿಗೆ ಆ ಘಾಟು ಹುಟ್ಟಿನಿಂದಲೇ ರೂಢಿ. ಹೊರಗಿನವರಿಗಲ್ಲ.

"ಅಬ್ಬಾ, ಅವರು ನನ್ನ ಕತಿಗೆ ಅತ್ತಿಲ್ಲ. ನಮ್ಮ ಗೋದಾಮಿನ ಧೂಳಿಗೆ ಅತ್ತಾರ."

ಫಕ್ಕೀರಸಾಬರಿಗೆ ಸಿಟ್ಟು ಬಂತು. "ಬ್ಯಾಡಗ್ಯಾಗ ಹುಟ್ಟಿ ಹಿಂಗ ಮಾತಾಡ್ತಿ? ನಮ್ಮ ಕಾಯಿ ಬಣ್ಣ ಕೊಡತೈತಿ. ಖಾರ ಎಲ್ಲೈತಿ ಅದರಾಗ? ಅದರ ಧೂಳಿಗೆ ಕೂಸು ಸೈತ ಅಳೂದಿಲ್ಲ."

ಮಾತು ಖರೆ. ಬ್ಯಾಡಗಿ ಮೆಣಸಿನಕಾಯಿಯ ಹೆಸರಿರುವುದೇ ಬಣ್ಣಕ್ಕೆ. ಶಾಹೀನ್‌ಗೆ ಹೋದ ಜೀವ ಬಂದಂತಾಯಿತು.

"ಗಂಟು ಗೋದಾಮಿನ್ಯಾಗ ಇಡು, ಜಾಗಾ ನಾ ಮಾಡ್ತೇನಿ," ಎಂದರು ಫಕ್ಕೀರಸಾಬರು ಮೆತ್ತಗೆ. "ಎಲ್ಲಿ ತಪ್ಪೇತಿ ಅಂತ ನಾ ಓದಿ ನೋಡ್ತೇನಿ."

ಅವರು ಏನು ಓದಿದರೋ, ಒಂದು ಅಕ್ಷರವನ್ನೂ ಬದಲಿಸೆಂದು ಹೇಳಲಿಲ್ಲ. ಕೆಲವು ದಿನಗಳ ಮೇಲೆ ಅರ್ಧ ಗಂಟುಗಳನ್ನು ತಾವೇ ರಾಣೆಬೆನ್ನೂರಿಗೆ ಕಳಿಸಿಕೊಟ್ಟರು. ಸಂಜೆಯೊಳಗೆ ಪುಷ್ಪಾವತಿಯ ಫೋನ್ ಬಂತು. ಮಾತಿನ ನಡುವೆ ಅವಳೂ ಮೂಗು ಒರೆಸಿಕೊಳ್ಳುತ್ತಿದ್ದಳು.

"ಅಂಗಡಿ ತುಂಬಾ ಅಳಾಕತ್ತಾರ, ಶಾಹೀನ್. ಎರಡನೇ ಪುಟಕ್ಕ ಶುರು. ಉಳಿದ ಗಂಟು ಲಗೂ ಕಳಸು. ಏನ ಬದಲ ಮಾಡಿದಿ?"

ಏನನ್ನೂ ಮಾಡಿರಲಿಲ್ಲ. ಶಾಹೀನ್ ಕುಣಿಯುತ್ತ ಗೋದಾಮಿಗೆ ಓಡಿ ಬಾಗಿಲು ನೂಕಿದಳು.

ಫಕ್ಕೀರಸಾಬರು ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ ತೆರೆದ ಕಾದಂಬರಿ, ಪಕ್ಕದಲ್ಲಿ ಗುಂಟೂರಿನ ಚೀಲ, ಕೈಯಲ್ಲಿ ಪುಡಿ ತುಂಬಿದ ತೆಳುಬಟ್ಟೆಯ ಗಂಟು. ಪಲ್ಯಕ್ಕೆ ಉಪ್ಪು ಉದುರಿಸುವ ಹಾಗೆ ಪುಟಕ್ಕೊಮ್ಮೆ ಅದನ್ನು ಝಾಡಿಸಿ, ಹೆಚ್ಚಾದದ್ದನ್ನು ಊದುತ್ತಿದ್ದರು. ಮಗಳನ್ನು ಕಂಡು ಕೈ ನಿಂತಿತು.

"ಎರಡನೇ ಪುಟದಾಗ ಪ್ರತಿ ಸಲ ಕೈ ಜಾಸ್ತಿ ಆಗತೈತಿ," ಎಂದರು ತಪ್ಪಿತಸ್ಥರ ಹಾಗೆ.

ಶಾಹೀನ್ ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಕೊನೆಗೆ ಕೇಳಿದಳು: "ಎಲ್ಲಾ ಪುಟಕ್ಕೂ ಹಾಕೀರೇನು?"

ಫಕ್ಕೀರಸಾಬರು ಹಾಳೆ ತಿರುವುತ್ತ ಹೋಗಿ, ಮೆಣಸಿನಕಾಯಿ ಮಳೆಗೆ ತೊಯ್ದ ಪುಟದಲ್ಲಿ ನಿಂತು ಕನ್ನಡಕ ತೆಗೆದರು.

"ಇದಕ್ಕ ಹಾಕಿಲ್ಲ, ಬೇಟಿ. ಇದನ್ನ ಓದಿ ನಾನಽ ಅತ್ತೇನಿ."