ಸೀಸದ ಪ್ರಯಾಣಿಕರು

“ನೋಡು ಮೂಸಾ, ಒಂದು ತೊಟ್ಟು ನೀರು ಒಳಗೆ ಬಂತಾ?” ಇಂಜಿನಿಯರ್ ಲೋಕನಾಥರು ಮೀಸೆಯೊಳಗೇ ನಕ್ಕರು.

ಬಂಟ್ವಾಳದ ಪ್ರವಾಸಿ ಬಂಗಲೆಯ ಹಿಂದಿನ ಕಲ್ಲಿನ ತೊಟ್ಟಿಯಲ್ಲಿ, ಹೊಳೆ ದಾಟಿಸುವ ಕಡವಿಗೆ ಬರಲಿದ್ದ ಹೊಸ ದೋಣಿಯ ಪುಟ್ಟ ಮಾದರಿ ತೇಲುತ್ತಿತ್ತು. ಹನ್ನೆರಡು ಅಡಿಗೆ ಒಂದು ಅಡಿಯ ಲೆಕ್ಕ. ನಲವತ್ತು ಪ್ರಯಾಣಿಕರ ಬದಲಿಗೆ ಗೋಲಿ ಗಾತ್ರದ ನಲವತ್ತು ಸೀಸದ ತುಂಡುಗಳನ್ನು ಮೇಣ ಹಚ್ಚಿ ಸಾಲಾಗಿ ಕೂರಿಸಿದ್ದರು. ಜವಾನ ರುಕ್ಮಯ್ಯ ಹಲಗೆಯಿಂದ ನೀರು ತಳ್ಳಿ ತಳ್ಳಿ ಅಲೆ ಎಬ್ಬಿಸುತ್ತಿದ್ದ. ದೋಣಿ ಏರಿ ಇಳಿಯಿತೇ ಹೊರತು ವಾಲಲಿಲ್ಲ.

ಇಪ್ಪತ್ತೆರಡು ವರ್ಷ ನೇತ್ರಾವತಿಯಲ್ಲಿ ಜನರನ್ನು ದಾಟಿಸಿದ ಮೂಸಾನಿಗೆ ಮೈ ಉರಿಯಿತು. ಇಷ್ಟು ಕಿರಿದಾದ ದೋಣಿಗೆ ನಲವತ್ತು ಜನರಂತೆ! ನಾಳೆ ಮುಳುಗಿದರೆ ಊರವರು ಹಿಡಿಯುವುದು ಇಂಜಿನಿಯರರ ಕುತ್ತಿಗೆಯನ್ನಲ್ಲ.

“ಇವು ಕೂತಲ್ಲಿಂದ ಅಲ್ಲಾಡುದಿಲ್ಲ ಸ್ವಾಮಿ. ನಮ್ಮ ಜನ ಹೀಗೆ ಕೂತ್ಕೊಳ್ತಾರಾ? ಆಚೆ ದಡದಲ್ಲಿ ಬೆಳ್ತಂಗಡಿ ಬಸ್ಸು ಹಾರನ್ ಹೊಡೆದ್ರೆ ಸಾಕು, ಎಲ್ಲರೂ ಎದ್ದು ಒಂದೇ ಬದಿಗೆ ನುಗ್ತಾರೆ. ಅದು ತಪ್ಪಿದ್ರೆ ಸಂಜೆವರೆಗೆ ಬೇರೆ ಬಸ್ಸಿಲ್ಲ.”

“ಏಳಬಾರದು ಅಂತ ಒಂದು ಬೋರ್ಡು ಹಾಕುವ.”

“ಬೋರ್ಡು ಓದ್ಲಿಕ್ಕೆ ಎಷ್ಟು ಜನಕ್ಕೆ ಬರ್ತದೆ?”

ಮೂಸಾ ಹಿಂದುಮುಂದು ನೋಡಲಿಲ್ಲ. ತುಂಡುಗಳನ್ನೆಲ್ಲ ಕಿತ್ತು ಮಾದರಿಯ ಒಂದೇ ಬದಿಗೆ ಸುರಿದ. ಅಲೆಯೂ ಬೇಕಾಗಲಿಲ್ಲ. ದೋಣಿ ಗುಳಕ್ಕನೆ ಮಗುಚಿತು, ನಲವತ್ತೂ ಪಾಚಿಗಟ್ಟಿದ ತಳ ಸೇರಿದವು. ರುಕ್ಮಯ್ಯನ ಕೈಯಲ್ಲಿ ಹಲಗೆ ಹಾಗೆಯೇ ನಿಂತಿತು.

ಲೋಕನಾಥರ ಮುಖ ಕೆಂಪೇರಿತು. “ಇದು ಪರೀಕ್ಷೆಯ ನಿಯಮದಲ್ಲಿ ಇಲ್ಲ. ದೋಣಿ ಪಾಸಾಗಿದೆ. ಜನರನ್ನು ಕೂರಿಸುವ ಜವಾಬ್ದಾರಿ ಕಡವಿನವನದ್ದು ಅಂತ ಬರೆದಿದ್ದೇನೆ. ಬಾ, ಹೆಬ್ಬೆಟ್ಟು ಒತ್ತು.”

ಕಣ್ಣೆದುರೇ ಮಗುಚಿದ್ದನ್ನು ಪಾಸು ಮಾಡುವುದಂತೆ, ಅದರ ಪಾಪ ದೋಣಿ ನಡೆಸುವವನ ತಲೆಗಂತೆ! ಮೂಸಾ ಅಂಗಿಯ ತೋಳು ಮೇಲೇರಿಸಿ ತೊಟ್ಟಿಗೆ ಬಾಗಿದ. ಕೆಸರಿನಲ್ಲಿ ತಡಕಾಡಿ ತುಂಡುಗಳನ್ನು ಒಂದೊಂದಾಗಿ ತೆಗೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಮೂವತ್ತೆಂಟು ಸಿಕ್ಕಿದವು.

“ಸಾಕು ಮಾರಾಯ, ಎರಡು ಹೋದ್ರೆ ಹೋಗ್ಲಿ,” ಲೋಕನಾಥರು ಶಾಯಿಯ ಪ್ಯಾಡನ್ನು ಮುಂದೆ ಚಾಚಿದರು. “ನನಗೆ ಹೊತ್ತಾಯ್ತು.”

ಮೂಸಾ ಭುಜದವರೆಗೂ ನೀರಿನಲ್ಲಿದ್ದ ಕೈಯನ್ನು ಹೊರತೆಗೆಯಲಿಲ್ಲ.

“ಆ ಇಬ್ಬರ ಮನೆಗೆ ಹೋಗಿ ಈ ಮಾತನ್ನು ನೀವೇ ಹೇಳ್ತೀರಾ ಸ್ವಾಮಿ?”