ಒಳಮುಖ ಯಾವುದು

ಯಾವ ಕಲ್ಲಿನ ಯಾವ ಮುಖ ಹೊರಗಿರಬೇಕೆಂದು ಒಂದೇ ನೋಟಕ್ಕೆ ಹೇಳಬಲ್ಲ ಗಾರೆ ಕೆಲಸದವನು ನಾನು. ಆದರೂ ಸೈಟಿನಲ್ಲಿ ಒದ್ದೆ ಕಲ್ಲಿನ ವಾಸನೆ ಬಂದರೆ ವರ್ತೂರಿನ ನಮ್ಮ ರಾಗಿ ಹೊಲದ ಆ ಮಧ್ಯಾಹ್ನ ನೆನಪಾಗಿ ತಲೆ ಕೆಡುತ್ತದೆ.

ಹೊಲದ ನಡುವೆ ಮೊಣಕಾಲೆತ್ತರದ ಕಲ್ಲುಗಳು ದುಂಡಗೆ ನಿಂತಿದ್ದವು. ನೇಗಿಲು ಅವನ್ನು ಬಳಸಿಕೊಂಡೇ ಹೋಗಬೇಕಿತ್ತು. ಅದು ಹಳೇ ಕಾಲದ ದನದ ದೊಡ್ಡಿ ಅನ್ನುತ್ತಿದ್ದ ಅಪ್ಪ. ಸಾವಿರಾರು ವರ್ಷದ ಸಮಾಧಿ ಅಂದಿದ್ದರು ಮೇಷ್ಟ್ರು. ಅಜ್ಜಿ ಮಾತ್ರ ಅತ್ತ ಹೋದಾಗಲೆಲ್ಲ ಚಪ್ಪಲಿ ಬಿಡುತ್ತಿದ್ದಳು.

ಬಟ್ಟೆ ಒಗೆಯಲೆಂದು ಅಪ್ಪ ಅದರಲ್ಲೊಂದು ಚಪ್ಪಟೆ ಕಲ್ಲನ್ನು ಕಿತ್ತು ಮನೆಗೆ ತಂದ ದಿನ ಅಜ್ಜಿ ಊಟ ಬಿಟ್ಟು ಹೋಗಿ, ಖಾಲಿಯಾದ ಆ ಜಾಗದಲ್ಲೇ ಬಿಸಿಲಿಗೆ ಕೂತಳು.

"ನಿಮ್ಮಪ್ಪ ಬಾಗ್ಲು ತೆಗ್ದಿಟ್ಟು ಬಂದವ್ನೆ. ನಾನಾದ್ರೂ ಅಡ್ಡ ಇರ್ತೀನಿ," ಅಂದಳು, ಹಿಂದೆಯೇ ಓಡಿ ಬಂದ ನನಗೆ.

"ಒಳಗಿರೋರು ಆಚೆ ಬರ್ಬಾರ್ದು ಅಂತಾನಾ, ನಾವು ಒಳಕ್ಕೆ ಓಗ್ಬಾರ್ದು ಅಂತಾನಾ ಅಜ್ಜಿ?" ಅಂದೆ.

"ಅದು ನಂಗೂ ಗೊತ್ತಿಲ್ಲ ಕಣೋ."

ಬಿಸಿಲಿನ ಝಳಕ್ಕೆ ಅವಳು ಕೂತಲ್ಲೇ ತೂಗಾಡತೊಡಗಿದ್ದು ಕಂಡು ಅಪ್ಪ ಸೋತ; ಕಲ್ಲನ್ನು ಗಾಡಿಯಲ್ಲಿ ವಾಪಸ್ ತಂದ. ಅಷ್ಟರಲ್ಲಿ ಅಮ್ಮ ಅದನ್ನು ಸೋಪು ಹಾಕಿ ಉಜ್ಜಿಬಿಟ್ಟಿದ್ದಳು. ಮಣ್ಣಿಲ್ಲ, ಪಾಚಿಯಿಲ್ಲ, ಒದ್ದೆ ವಾಸನೆಯೊಂದೇ.

"ಒಳಗಡೆ ಇದ್ದಿದ್ದು ಯಾವ್ ಮಖ?" ಅಜ್ಜಿ ಕೇಳಿದಳು.

ಅಪ್ಪ ಎರಡೂ ಕಡೆ ಸವರಿದ. "ಎಲ್ಡೂ ಒಂದೇ ಅಂಗೈತೆ ಕಣವ್ವಾ." ಕೊನೆಗೆ ತೋಚಿದ ಹಾಗೆ ನಿಲ್ಲಿಸಿದ.

"ತಪ್ಪಿದ್ರೆ ಅವ್ರೇ ತಿರುಗಿಸ್ಕೋತಾರೆ, ನಡೀರಿ," ಎಂದು ಅಜ್ಜಿ ಚಪ್ಪಲಿ ಮೆಟ್ಟಿ ಹೊರಟಳು.

ಅವಳು ಹಿಂದೆ ನೋಡಲಿಲ್ಲ. ದನದ ದೊಡ್ಡಿ ಅನ್ನುತ್ತಿದ್ದ ಅಪ್ಪ ಮಾತ್ರ ದಾರಿಯುದ್ದಕ್ಕೂ ತಿರುತಿರುಗಿ ನೋಡುತ್ತಿದ್ದ.